ಅಕ್ಕನ ಮಗನಿಗೆ ಮಾತಿನ ತೊಂದರೆ: ಅಕ್ಕ, ಭಾವನಿಗೆ ನಾವು ಆಸರೆಯಾಗುವುದು ಹೇಗೆ?

ಕಿರಿಯವಳು

ನಮ್ಮಕ್ಕನ ಮಗನಿಗೆ ನಾಲ್ಕು ವರ್ಷ ತುಂಬಿದೆ. ಕಿವಿ ಸರಿಯಾಗಿದೆ, ಹೇಳಿದ್ದೆಲ್ಲ ಅರ್ಥವಾಗುತ್ತದೆ, ತುಂಟತನಕ್ಕೂ ಕೊರತೆಯಿಲ್ಲ. ಮಾತು ಮಾತ್ರ ಬಾಯಿಂದ ಹೊರಡುವಾಗ ಚದುರಿಹೋಗುತ್ತದೆ. ‘ಬಾಗಿಲು’ ಎನ್ನಲು ಹೋಗಿ ಒಮ್ಮೆ ‘ಬಾಲು’ ಎನ್ನುತ್ತಾನೆ, ಇನ್ನೊಮ್ಮೆ ‘ಗಾಬಿಲು’, ಮತ್ತೊಮ್ಮೆ ಬರೀ ‘ಆಯಿ’. ಇದು ಬಾಲ್ಯದ ಅಪ್ರಾಕ್ಸಿಯಾ ಎಂದು ಸ್ಪೀಚ್ ಥೆರಪಿಸ್ಟ್ ಇತ್ತೀಚೆಗೆ ಹೇಳಿದ್ದಾರೆ.

ಮಗುವಿಗೆ ಏನು ಮಾಡಬೇಕೆಂದು ಹೇಳಲು ಅವರಿದ್ದಾರೆ. ನನ್ನ ಪ್ರಶ್ನೆ ಅಕ್ಕ, ಭಾವನ ಬಗ್ಗೆ. ಅಕ್ಕ ಯಾರ ಮನೆಗೂ ಹೋಗುತ್ತಿಲ್ಲ. ಫೋನ್ ಮಾಡಿದರೆ ಎರಡು ಮಾತಾಡಿ ಇಟ್ಟುಬಿಡುತ್ತಾಳೆ. ‘ಎಲ್ಲ ಸರಿಹೋಗುತ್ತದೆ ಬಿಡು’ ಎಂದರೆ ಆ ಕಡೆಯಿಂದ ಸದ್ದೇ ಇರುವುದಿಲ್ಲ. ಭಾವನದು ಇನ್ನೊಂದು ಬಗೆ. ‘ನಾನೂ ತಡವಾಗಿಯೇ ಮಾತಾಡಿದ್ದು’ ಎಂದು ನಗುತ್ತಾರೆ, ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಅದನ್ನೇ ಹುಡುಕುತ್ತಾ ಕೂರುತ್ತಾರೆ. ನಮ್ಮ ಅಮ್ಮನಂತೂ ಯಾರ ಕಣ್ಣು ಬಿತ್ತೋ ಎಂದು ಶುರುಮಾಡಿದ್ದಾರೆ.

ಇಂಥ ದಾರಿಯಲ್ಲಿ ನಡೆದುಬಂದ ಅಪ್ಪ ಅಮ್ಮಂದಿರು ಇಲ್ಲಿದ್ದರೆ ಹೇಳಿ. ಆಗ ನಿಮ್ಮವರು ಏನು ಮಾಡಿದ್ದು ನಿಜವಾಗಿಯೂ ಉಪಕಾರವಾಯಿತು? ಯಾವುದು ಕಿರಿಕಿರಿಯಾಯಿತು?

ನೀಲಿಕೊಡೆ

ನನ್ನ ಮಗಳಿಗೂ ಇದೇ. ಈಗ ಅವಳಿಗೆ ಹನ್ನೊಂದು ವರ್ಷ, ಬಾಯಿ ಮುಚ್ಚಿಸುವುದೇ ಕಷ್ಟ. ಇದನ್ನು ಓದಿ ‘ನೋಡು, ಅವರ ಮಗಳು ಸರಿಹೋದಳಂತೆ’ ಎಂದು ನಿಮ್ಮಕ್ಕನಿಗೆ ಹೇಳಬೇಡಿ. ಬೇರೆ ಮಗುವಿನ ಕತೆ ಆ ಹೊತ್ತಿಗೆ ಕಿವಿಗೆ ಬೀಳುವುದಿಲ್ಲ. ಬಿದ್ದರೂ ‘ನನ್ನ ಮಗ ಹಾಗಾಗದಿದ್ದರೆ?’ ಎಂಬ ಪ್ರಶ್ನೆಯಾಗಿಯೇ ಬೀಳುತ್ತದೆ.

ಕಿರಿಕಿರಿಯ ಪಟ್ಟಿಗೆ ಕೊನೆಯಿಲ್ಲ. ನಾಲ್ಕು ಜನ ಸೇರಿದ ಕಡೆ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ‘ಎಲ್ಲಿ, ನನ್ನ ಹೆಸರು ಹೇಳು ನೋಡೋಣ’ ಎನ್ನುವವರು ಮೊದಲ ಸಾಲಿನವರು. ಅವರಿಗೆ ಅದು ಮುದ್ದು. ಆ ಕ್ಷಣದಲ್ಲಿ ತಾಯಿಯ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬುದು ನಿಂತವಳಿಗೇ ಗೊತ್ತು. ಮಗು ಹೇಳಿದರೆ ನಗುತ್ತಾರೆ, ಹೇಳದಿದ್ದರೆ ‘ಇನ್ನೂ ಬರುವುದಿಲ್ಲವೇ?’ ಎನ್ನುತ್ತಾರೆ. ನಿಮ್ಮಕ್ಕ ಮನೆ ಬಿಟ್ಟು ಹೊರಡದಿರುವುದಕ್ಕೆ ಬಹುಶಃ ಇದೇ ಕಾರಣ. ಬೇರೆ ಗುಟ್ಟೇನೂ ಇರಲಾರದು.

ಇನ್ನು ಉಪಕಾರದ ಮಾತು. ನನ್ನ ನಾದಿನಿ ಒಬ್ಬಳು ಯಾವ ಸಲಹೆಯನ್ನೂ ಕೊಡಲಿಲ್ಲ. ಮಗಳನ್ನು ಥೆರಪಿಗೆ ಕರೆದುಕೊಂಡು ಹೋಗುವ ಕೆಲಸದಲ್ಲಿ ಒಂದು ಪಾಲು ತಾನು ವಹಿಸಿಕೊಂಡಳು. ಹೊರಗೆ ಕುರ್ಚಿಯಲ್ಲಿ ಕುಳಿತು ಕಾಲ ಕಳೆಯಲಿಲ್ಲ, ಒಳಗೆ ಹೋಗಿ ನೋಡಿದಳು. ಥೆರಪಿಸ್ಟ್ ಮಗಳ ಮುಖದ ಎದುರು ಹೇಗೆ ಕೂರುತ್ತಾರೆ, ಶಬ್ದವನ್ನು ಹೇಗೆ ಎಳೆದು ಅವಳ ಜೊತೆಯಲ್ಲೇ ಹೇಳುತ್ತಾರೆ ಎಂಬುದನ್ನೆಲ್ಲ ಕಲಿತಳು. ಆಮೇಲೆ ನನಗೆ ಮನೆಯಲ್ಲಿ ಅದರ ಬಗ್ಗೆ ಮಾತಾಡಲು ಇನ್ನೊಬ್ಬರು ಸಿಕ್ಕರು. ಅಷ್ಟು ದಿನ ನಾನೊಬ್ಬಳೇ ‘ವಿಷಯ ಗೊತ್ತಿರುವವಳು’. ಗಂಡನಿಗೆ ನಾನೇ ವಿವರಿಸಬೇಕು, ಅತ್ತೆಗೂ ನಾನೇ, ಶಾಲೆಗೂ ನಾನೇ. ಥೆರಪಿಯ ಓಡಾಟ ದೇಹಕ್ಕೆ ದಣಿವು, ಅಷ್ಟೇ. ಈ ವಿವರಿಸುವ ಕೆಲಸ ಮನುಷ್ಯನನ್ನೇ ಹಿಂಡಿಬಿಡುತ್ತದೆ.

ಗಾಳಿಪಟ

ಇಷ್ಟೊಂದು ಗಾಬರಿ ಯಾಕೆ? ಗಂಡು ಮಕ್ಕಳು ಮಾತಿನಲ್ಲಿ ನಿಧಾನ. ನಮ್ಮ ಚಿಕ್ಕಪ್ಪನ ಮಗ ನಾಲ್ಕೂವರೆಯವರೆಗೂ ಮೂಕನ ಹಾಗಿದ್ದ, ಈಗ ವಕೀಲ. ಒಂದೆರಡು ವರ್ಷ ಕಾದು ನೋಡಲಿ. ಇಲ್ಲದ ಹೆಸರೆಲ್ಲ ಇಟ್ಟು ಮಗುವನ್ನು ರೋಗಿ ಮಾಡುವುದು ಬೇಡ.

ನೀಲಿಕೊಡೆ

ಕಿರಿಕಿರಿಯ ಪಟ್ಟಿಗೆ ಉದಾಹರಣೆ ಒದಗಿಸಿದ್ದಕ್ಕೆ ಧನ್ಯವಾದ. ಈ ವಕೀಲ ಪ್ರತಿಯೊಂದು ಕುಟುಂಬದಲ್ಲೂ ಒಬ್ಬನಿರುತ್ತಾನೆ.

ಮಾತುಮನೆ

ನಾನು ವಾಕ್ ಚಿಕಿತ್ಸಕಿ. ಮಗುವನ್ನು ನೋಡದೆ ಅದರ ಬಗ್ಗೆ ತೀರ್ಪು ಕೊಡುವುದಿಲ್ಲ, ಸಾಮಾನ್ಯವಾದ ಮಾತಷ್ಟೇ ಹೇಳುತ್ತೇನೆ.

ಗಾಳಿಪಟ ಅವರ ಮಾತು ಪೂರ್ತಿ ಸುಳ್ಳಲ್ಲ. ಎರಡು ವರ್ಷದ ಹೊತ್ತಿಗೆ ಸುಮಾರು ಐವತ್ತು ಪದಗಳಾದರೂ ಬಂದಿರಬೇಕು, ಎರಡು ಪದ ಜೋಡಿಸಿ ಹೇಳಬೇಕು ಎಂದು ನಿರೀಕ್ಷಿಸುತ್ತೇವೆ. ಅಷ್ಟು ಬಾರದ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ತಾವಾಗಿಯೇ ಉಳಿದವರನ್ನು ಹಿಡಿಯುತ್ತಾರೆ. ತೊಡಕು ಇರುವುದು ಬೇರೆ ಕಡೆ. ಯಾವ ಮಗು ಹಿಡಿಯುತ್ತದೆ, ಯಾವುದು ಹಿಂದೆ ಉಳಿಯುತ್ತದೆ ಎಂಬುದನ್ನು ಮನೆಯವರ ಅನುಭವದಿಂದ ಹೇಳಲು ಬರುವುದಿಲ್ಲ. ಅದಕ್ಕೇ ಕಾಯುವುದಾದರೂ ಶ್ರವಣ ಪರೀಕ್ಷೆ ಮಾಡಿಸಿ, ತಜ್ಞರ ಕಣ್ಣಳತೆಯಲ್ಲಿ ಇಟ್ಟುಕೊಂಡು ಕಾಯಿರಿ ಎನ್ನುತ್ತೇವೆ. ಹುಟ್ಟಿದಾಗ ಮಾಡಿದ ಶ್ರವಣ ಪರೀಕ್ಷೆಯಲ್ಲಿ ಪಾಸಾಗಿದ್ದರೂ ಮತ್ತೆ ಮಾಡಿಸಬೇಕು. ನಡುಗಿವಿಯಲ್ಲಿ ದ್ರವ ತುಂಬಿಕೊಂಡು ಕೇಳುವಿಕೆ ಕಡಿಮೆಯಾಗುವುದು ಚಿಕ್ಕ ಮಕ್ಕಳಲ್ಲಿ ಸಾಮಾನ್ಯ.

ಆದರೆ ಇಲ್ಲಿನ ಮಗುವಿನದು ‘ತಡ’ ಅಲ್ಲ. ಅಪ್ರಾಕ್ಸಿಯಾದಲ್ಲಿ ತುಟಿ, ನಾಲಿಗೆಯ ಸ್ನಾಯುಗಳಲ್ಲಿ ಬಲವಿರುತ್ತದೆ. ಯಾವ ಚಲನೆ ಮೊದಲು, ಯಾವುದು ನಂತರ ಎಂದು ಮಿದುಳು ಯೋಜಿಸಿ ಕಳಿಸುವ ಹಂತದಲ್ಲಿ ತೊಡಕು. ಒಂದೇ ಪದ ಪ್ರತಿ ಸಲ ಬೇರೆ ಬೇರೆಯಾಗಿ ಬರುವುದು, ಒಂದು ಅಕ್ಷರದಿಂದ ಇನ್ನೊಂದಕ್ಕೆ ಸಾಗುವಾಗ ಎಳೆದಂತೆ ಅಥವಾ ಕಡಿದಂತೆ ಆಗುವುದು, ಮಾತಿನ ಏರಿಳಿತ ವಿಚಿತ್ರವಾಗಿರುವುದು, ಈ ಮೂರನ್ನು ಮುಖ್ಯ ಲಕ್ಷಣಗಳೆಂದು ನೋಡುತ್ತೇವೆ. ಸಾವಿರ ಮಕ್ಕಳಲ್ಲಿ ಒಬ್ಬಿಬ್ಬರಿಗೆ ಇರಬಹುದೆಂಬ ಅಂದಾಜಿದೆ. ಇದು ಬೆಳೆಯುತ್ತಾ ತಾನಾಗಿ ಕಳೆಯುವಂಥದ್ದಲ್ಲ. ಥೆರಪಿ ಬೇಕು, ಅದೂ ಪದೇ ಪದೇ ಬೇಕು.

ಹೆತ್ತವರಿಗೆ ಇದು ಯಾಕೆ ಇಷ್ಟು ಕಾಡುತ್ತದೆಂದರೆ, ಮಗು ನಿನ್ನೆ ಸ್ಪಷ್ಟವಾಗಿ ಹೇಳಿದ ಪದ ಇಂದು ಬರುವುದಿಲ್ಲ. ನೋಡುವವರು ‘ಬೇಕೆಂದೇ ಹೇಳುತ್ತಿಲ್ಲ, ಹಟ’ ಎನ್ನುತ್ತಾರೆ. ಒಂದು ಗಳಿಗೆ ತಾಯಿಗೂ ಹಾಗೆಯೇ ಅನ್ನಿಸುತ್ತದೆ, ಮರುಗಳಿಗೆ ಹಾಗೆ ಅನ್ನಿಸಿದ್ದಕ್ಕೇ ಸಂಕಟವಾಗುತ್ತದೆ. ಕಿರಿಯವಳು ಅವರೇ, ‘ಇದು ಹಟವಲ್ಲ’ ಎಂಬುದನ್ನು ಬಂಧುಗಳ ಎದುರು ನಿಮ್ಮಕ್ಕನ ಬದಲು ನೀವು ಹೇಳಿ. ಅದು ದೊಡ್ಡ ಸಹಾಯ.

ಅಂಚೆಪೆಟ್ಟಿಗೆ

ನನ್ನ ಮಗನದು ಉಗ್ಗು. ತೊಂದರೆ ಬೇರೆ, ಆದರೆ ಹೆತ್ತವರ ಪಾಡು ಒಂದೇ ಎಂದು ಬರೆಯುತ್ತಿದ್ದೇನೆ.

ಅಪ್ಪಂದಿರ ಬಗ್ಗೆ ಒಂದು ಮಾತು. ನಿಮ್ಮ ಭಾವ ನಗುವುದನ್ನು ಉಡಾಫೆ ಎಂದುಕೊಳ್ಳಬೇಡಿ. ಥೆರಪಿಸ್ಟ್ ಮಾತಾಡುವುದು ತಾಯಿಯ ಜೊತೆ, ಶಾಲೆಯವರು ಫೋನ್ ಮಾಡುವುದು ತಾಯಿಗೆ, ಬಂಧುಗಳು ಸಮಾಧಾನ ಹೇಳುವುದೂ ತಾಯಿಗೆ. ಅಪ್ಪನನ್ನು ಕೇಳುವ ಪ್ರಶ್ನೆ ಒಂದೇ: ‘ಅವಳು ಹೇಗಿದ್ದಾಳೆ?’ ಅವನಿಗೆ ಮಾತಾಡಲು ಜಾಗವೇ ಇರುವುದಿಲ್ಲ, ಹಾಗಾಗಿ ರಾತ್ರಿ ಮೊಬೈಲ್ ಹಿಡಿಯುತ್ತಾನೆ. ನನ್ನ ಗೆಳೆಯನೊಬ್ಬ ಸಂಜೆ ನಡೆಯಲು ಹೋಗುವಾಗ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದ. ಮಗನ ವಿಷಯ ಎತ್ತುತ್ತಲೇ ಇರಲಿಲ್ಲ. ಹಾಗಾಗಿ ಒಂದು ದಿನ ನಾನೇ ಎತ್ತಿದೆ.

ಇನ್ನು ಮಗನೊಡನೆ ನಡೆದುಕೊಳ್ಳುವ ರೀತಿ. ‘ನಿಧಾನವಾಗಿ ಹೇಳು’, ‘ಉಸಿರು ತೆಗೆದುಕೊ’, ‘ಮತ್ತೊಮ್ಮೆ ಹೇಳು’ ಎಂಬ ಮೂರು ಮಾತುಗಳನ್ನು ನಮ್ಮ ಮನೆಗೆ ಬಂದವರೆಲ್ಲ ಹೇಳುತ್ತಿದ್ದರು. ಎಲ್ಲರೂ ಒಳ್ಳೆಯ ಮನಸ್ಸಿನವರೇ. ಅವನ ಪಾಲಿಗೆ ಅದು ‘ನೀನು ಹೇಳಿದ್ದು ಕೇಳಲಿಲ್ಲ, ಹೇಳಿದ ರೀತಿ ಮಾತ್ರ ಕಂಡಿತು’ ಎಂದಂತೆ. ಪದ ಸಿಕ್ಕಿಹಾಕಿಕೊಂಡಾಗ ನಾವು ಪೂರ್ತಿ ಮಾಡಿಕೊಟ್ಟರೂ ಅಷ್ಟೇ. ಅವನು ಆ ಪದವನ್ನೇ ಬಿಟ್ಟು ಸುತ್ತುದಾರಿ ಹಿಡಿಯುತ್ತಾನೆ. ‘ಪೆನ್ಸಿಲ್ ಕೊಡು’ ಎನ್ನಲಾಗದೆ ‘ಅದು, ಬರೆಯುವುದು, ಕಪ್ಪಗಿರುವುದು’ ಎನ್ನುವ ಮಗುವನ್ನು ನೋಡಿದ್ದೀರಾ? ಹೊರಗಿನವರಿಗೆ ಉಗ್ಗು ಕೇಳಿಸುವುದೇ ಇಲ್ಲ, ಅಷ್ಟು ಜಾಣತನದಿಂದ ಮುಚ್ಚಿಡುತ್ತಾರೆ.

ಸಂಪಿಗೆ ಅಜ್ಜಿ

ಯಾರೂ ಬೇಸರ ಮಾಡಿಕೊಳ್ಳಬಾರದು. ನಮ್ಮ ಕಾಲದಲ್ಲಿ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಮಾತಾಡಿಸುತ್ತಿದ್ದೆವು. ಈಗ ಕೈಗೆ ಮೊಬೈಲ್ ಕೊಟ್ಟು ಸುಮ್ಮನಾಗಿಸುತ್ತಾರೆ. ಮಾತು ಹೇಗೆ ಬಂದೀತು?

ಮಾತುಮನೆ

ಅಜ್ಜಿ, ನೀವು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಪರದೆ ಹೆಚ್ಚಾದ ಮನೆಯಲ್ಲಿ ಮಾತಿನ ಕೊಡುಕೊಳ್ಳುವಿಕೆ ಕಡಿಮೆಯಾಗುತ್ತದೆ, ಅದು ಮಗುವಿಗೆ ಒಳ್ಳೆಯದಲ್ಲ. ಆದರೆ ಅಪ್ರಾಕ್ಸಿಯಾ ಮೊಬೈಲ್‌ನಿಂದ ಬರುವುದಿಲ್ಲ, ಉಗ್ಗು ಸಹ ಬರುವುದಿಲ್ಲ. ಮೊಬೈಲ್ ಇಲ್ಲದ ಕಾಲದಲ್ಲೂ ಈ ಮಕ್ಕಳಿದ್ದರು, ತಾಯಿಯ ಮೇಲೆ ತಪ್ಪು ಹೊರಿಸುವುದೂ ಇತ್ತು.

ಆ ಹೊರಿಸುವಿಕೆಗೆ ವಿಜ್ಞಾನದ ಮುದ್ರೆಯೂ ಬಿದ್ದಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಅಮೆರಿಕದ ಐಯೊವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ತಾವೇ ಉಗ್ಗುತ್ತಿದ್ದವರು, ಆ ಕ್ಷೇತ್ರದ ದೊಡ್ಡ ಹೆಸರು. ಎಳೆಯ ಮಕ್ಕಳ ಸಹಜ ತಡವರಿಕೆಯನ್ನು ಹೆತ್ತವರು ‘ಉಗ್ಗು’ ಎಂದು ಕರೆದು ಆತಂಕಪಡುವುದರಿಂದಲೇ ಅದು ನಿಜವಾದ ಉಗ್ಗಾಗುತ್ತದೆ ಎಂದು ಅವರು ವಾದಿಸಿದರು. 1939ರಲ್ಲಿ ಅವರ ಮಾರ್ಗದರ್ಶನದಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿ ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ನಡೆಸಿದಳು. ಸರಿಯಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ ‘ನಿನ್ನ ಮಾತು ಸರಿಯಿಲ್ಲ’ ಎಂದು ಹೇಳುತ್ತಾ ಬಂದಳು. ಆ ಮಕ್ಕಳು ಮಾತಾಡಲು ಹಿಂಜರಿದರು, ಕುಗ್ಗಿದರು. ವಿಶ್ವವಿದ್ಯಾಲಯ ಇದಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿದ್ದು 2001ರಲ್ಲಿ. ಜಾನ್ಸನ್ ಅವರ ವಾದವನ್ನು ಸಂಶೋಧಕರು ಆಮೇಲೆ ಕೈಬಿಟ್ಟರು. ಉಗ್ಗು ವಂಶದಲ್ಲಿ ಹರಿಯುತ್ತದೆ ಎಂಬುದಕ್ಕೆ ಅವಳಿ ಮಕ್ಕಳ ಅಧ್ಯಯನಗಳಿಂದ ಪುರಾವೆ ಸಿಕ್ಕಿತು, 2010ರಲ್ಲಿ ಕೆಲವು ಜೀನ್‌ಗಳ ನಂಟು ಕೂಡ ಪತ್ತೆಯಾಯಿತು.

ಅಪ್ರಾಕ್ಸಿಯಾದಲ್ಲೂ ಹೀಗೆಯೇ. ಲಂಡನ್ನಿನ ಒಂದು ಕುಟುಂಬದ ಮೂರು ತಲೆಮಾರುಗಳಲ್ಲಿ ಅರ್ಧದಷ್ಟು ಜನರಿಗೆ ಮಾತಿನ ತೊಂದರೆಯಿತ್ತು. ಅವರನ್ನು ಅಧ್ಯಯನ ಮಾಡಿ 2001ರಲ್ಲಿ ಫಾಕ್ಸ್‌ಪಿ2 ಎಂಬ ಜೀನ್ ಗುರುತಿಸಿದರು. ಎಲ್ಲ ಮಕ್ಕಳಿಗೂ ಕಾರಣ ಅದೇ ಅಲ್ಲ. ಬಹಳಷ್ಟು ಮಕ್ಕಳಲ್ಲಿ ಕಾರಣ ತಿಳಿಯುವುದೇ ಇಲ್ಲ. ಆದರೆ ತಾಯಿ ಕಡಿಮೆ ಮಾತಾಡಿದ್ದರಿಂದ ಬಂದದ್ದಲ್ಲ ಎಂಬುದು ಖಚಿತ.

ಸಂಪಿಗೆ ಅಜ್ಜಿ

ಆ ಅನಾಥ ಮಕ್ಕಳ ಕತೆ ಕೇಳಿ ಹೊಟ್ಟೆ ತೊಳಸಿದಂತಾಯಿತು. ಕಿರಿಯವಳೇ, ಕಣ್ಣು ಬಿತ್ತು ಎನ್ನುವ ನಿಮ್ಮ ಅಮ್ಮನಿಗೆ ಎದುರು ವಾದಿಸಬೇಡಮ್ಮ. ಅವರಿಗೂ ಭಯ, ಅದಕ್ಕೆ ಹೇಳುತ್ತಾರೆ. ಏನಾದರೂ ಕೆಲಸ ವಹಿಸು. ಮೊಮ್ಮಗನಿಗೆ ಪ್ರತಿ ರಾತ್ರಿ ಒಂದೇ ಕತೆ ಹೇಳಲಿ, ಬೇಜಾರಿಲ್ಲದೆ ಮತ್ತೆ ಮತ್ತೆ ಹೇಳುವುದು ನಮ್ಮ ವಯಸ್ಸಿನವರಿಗೇ ಸಾಧ್ಯ.

ಮಾತುಮನೆ

ಅಜ್ಜಿ ಹೇಳಿದ್ದು ಬಹಳ ಸರಿ. ಕತೆಯಲ್ಲಿ ಪದೇ ಪದೇ ಬರುವ ಒಂದು ಚಿಕ್ಕ ಸಾಲಿದ್ದರೆ ಇನ್ನೂ ಒಳ್ಳೆಯದು. ಆ ಸಾಲು ಬಂದಾಗ ಅಜ್ಜಿ ಒಂದು ಕ್ಷಣ ನಿಲ್ಲಲಿ, ಮಗು ಸೇರಿಸಿದರೆ ಸರಿ, ಇಲ್ಲದಿದ್ದರೆ ಅಜ್ಜಿಯೇ ಹೇಳಿ ಮುಂದೆ ಹೋಗಲಿ.

ಹಳೆಯ ಮೇಷ್ಟ್ರು

ನಾನು ಚಿಕ್ಕ ಮಕ್ಕಳ ತರಗತಿಗೆ ಬಹಳ ವರ್ಷ ಪಾಠ ಮಾಡಿದವನು. ಶಾಲೆಯ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತೇನೆ.

ಮಗುವನ್ನು ಸೇರಿಸುವಾಗ ಹೆತ್ತವರು ಎರಡರಲ್ಲಿ ಒಂದು ಮಾಡುತ್ತಾರೆ. ವಿಷಯ ಮುಚ್ಚಿಡುತ್ತಾರೆ, ಇಲ್ಲವೇ ದಪ್ಪ ಕಡತ ತಂದು ಮೇಜಿನ ಮೇಲೆ ಇಡುತ್ತಾರೆ. ತರಗತಿಯಲ್ಲಿ ಗದ್ದಲದ ನಡುವೆ ನಿಂತವನಿಗೆ ಎರಡೂ ಉಪಯೋಗವಿಲ್ಲ. ನನಗೆ ಬೇಕಾಗುತ್ತಿದ್ದದ್ದು ಅರ್ಧ ಪುಟ. ಅವನಿಗೆ ಮೂತ್ರಕ್ಕೆ ಹೋಗಬೇಕಾದರೆ ಏನೆನ್ನುತ್ತಾನೆ, ಹೊಟ್ಟೆ ನೋವಾದರೆ ಹೇಗೆ ತೋರಿಸುತ್ತಾನೆ, ಅಳು ಬಂದಾಗ ಏನು ಮಾಡಿದರೆ ಸಮಾಧಾನವಾಗುತ್ತದೆ. ಒಬ್ಬ ಹುಡುಗ ‘ಊ’ ಎಂದರೆ ನೀರು, ‘ಊ’ ಎನ್ನುತ್ತಾ ಕಿವಿ ಮುಟ್ಟಿಕೊಂಡರೆ ಗದ್ದಲ ತಡೆಯಲಾಗುತ್ತಿಲ್ಲ ಎಂದು. ಅವನ ಅಕ್ಕ ಹೇಳದಿದ್ದರೆ ನನಗೆ ಅದು ತಿಳಿಯುತ್ತಲೇ ಇರಲಿಲ್ಲ.

ಹಾಜರಿ ಕೂಗುವುದು ಉಗ್ಗುವ ಮಗುವಿಗೆ ದಿನದ ಮೊದಲ ಪರೀಕ್ಷೆ. ಸರದಿ ಬರುವವರೆಗೂ ಎದೆ ಹೊಡೆದುಕೊಳ್ಳುತ್ತದೆ. ಕೈ ಎತ್ತಿದರೂ ಸಾಕು ಎಂದು ಇಡೀ ತರಗತಿಗೇ ಹೇಳಿಬಿಟ್ಟರೆ ಅವನೊಬ್ಬ ಬೇರೆಯಾಗಿ ಕಾಣುವುದಿಲ್ಲ. ಗಟ್ಟಿಯಾಗಿ ಓದಿಸುವಾಗ ಇಬ್ಬರನ್ನು ಜೊತೆಯಾಗಿ ಓದಿಸುತ್ತಿದ್ದೆ. ಒಟ್ಟಿಗೆ ಓದುವಾಗ ಉಗ್ಗು ಬಹುಮಟ್ಟಿಗೆ ಮಾಯವಾಗುತ್ತದೆ. ಯಾಕೆಂದು ಮಾತುಮನೆ ಮೇಡಂ ಹೇಳಬೇಕು, ನಾನು ಕಂಡದ್ದಷ್ಟೇ ಹೇಳುತ್ತಿದ್ದೇನೆ. ಅಣಕಿಸುವ ಹುಡುಗರು ಇದ್ದೇ ಇರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಅಣಕಿಸಿದ ಗಳಿಗೆಯಲ್ಲೇ ನಿಲ್ಲಿಸಬೇಕು.

ನಡುಮಾತು

ಮೇಷ್ಟ್ರೇ, ನಿಮ್ಮಂಥವರು ಸಿಕ್ಕಿದ್ದರೆ ನನ್ನ ಶಾಲಾ ದಿನಗಳು ಬೇರೆಯೇ ಇರುತ್ತಿದ್ದವು. ನನಗೆ ಈಗ ಮೂವತ್ತು ದಾಟಿದೆ, ಇನ್ನೂ ಉಗ್ಗುತ್ತೇನೆ, ಕೆಲಸದಲ್ಲಿ ದಿನವಿಡೀ ಜನರೊಡನೆ ಮಾತಾಡುತ್ತೇನೆ.

ಮಗುವಿನ ಕಡೆಯಿಂದ ಒಂದು ಮಾತು. ಮಾತು ಸಿಕ್ಕಿಕೊಂಡಾಗ ನಾನು ನೋಡುತ್ತಿದ್ದದ್ದು ಅಮ್ಮನ ಮುಖವನ್ನು. ಅಮ್ಮ ಏನೂ ಹೇಳುತ್ತಿರಲಿಲ್ಲ. ಆದರೆ ತುಟಿ ನನ್ನ ಪದಕ್ಕೆ ತಕ್ಕಂತೆ ಸಣ್ಣಗೆ ಅಲುಗುತ್ತಿತ್ತು, ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು, ಹುಬ್ಬು ಮೇಲೆ ಹೋಗುತ್ತಿತ್ತು. ನಾನು ಹೇಳಿ ಮುಗಿಸಿದಾಗ ಅವರ ಹೆಗಲು ಇಳಿಯುತ್ತಿತ್ತು. ಬೈಗುಳವೇ ಇಲ್ಲದ ಮನೆಯಲ್ಲಿ ನಾನು ಭಯ ಕಲಿತದ್ದು ಆ ಹೆಗಲಿನಿಂದ.

ಅಮ್ಮನನ್ನು ದೂರುತ್ತಿಲ್ಲ. ಅವರಿಗೆ ಯಾರೂ ಆಸರೆಯಾಗಿರಲಿಲ್ಲ. ಅವರ ಆತಂಕ ಇಳಿಸಿಕೊಳ್ಳಲು ಬೇರೆ ಜಾಗ ಇದ್ದಿದ್ದರೆ ಅದು ನನ್ನ ಎದುರು ಹಾಗೆ ಕಾಣಿಸುತ್ತಿರಲಿಲ್ಲವೇನೋ. ಕಿರಿಯವಳು ಅವರೇ, ಅಕ್ಕ ನಿಮ್ಮ ಹತ್ತಿರ ಅತ್ತರೆ ಅಳಲಿ. ಸಮಾಧಾನ ಹೇಳಿ ಬೇಗ ಮುಗಿಸಬೇಡಿ.

ಮಾತುಮನೆ

ಮೇಷ್ಟ್ರೇ, ಜೊತೆಯಾಗಿ ಓದುವಾಗ ಉಗ್ಗು ಇಳಿಯುವುದು ಬಹಳ ಹಿಂದಿನಿಂದ ದಾಖಲಾಗಿರುವ ಸಂಗತಿ. ಹೊರಗಿನಿಂದ ಬರುವ ಲಯ ಮಾತಿಗೆ ಊರುಗೋಲಾಗುತ್ತದೆ ಎನ್ನುವುದು ಒಂದು ವಿವರಣೆ. ಸಂಶೋಧಕರು ಇನ್ನೂ ಚರ್ಚಿಸುತ್ತಿದ್ದಾರೆ.

ಅಂಚೆಪೆಟ್ಟಿಗೆ

ನನಗೊಂದು ತಕರಾರಿದೆ. ನಮ್ಮ ಮಗನಿಗೆ ಲಿಡ್‌ಕೋಂಬ್ ವಿಧಾನ ಹೇಳಿಕೊಟ್ಟರು. ಅದರಲ್ಲಿ ಥೆರಪಿ ಮಾಡುವವರು ಹೆತ್ತವರೇ. ಮಗು ಉಗ್ಗದೆ ಹೇಳಿದಾಗ ಮೆಚ್ಚಬೇಕು, ಆಗೊಮ್ಮೆ ಈಗೊಮ್ಮೆ ಉಗ್ಗಿದ್ದನ್ನೂ ಮೆತ್ತಗೆ ಗುರುತಿಸಬೇಕು, ದಿನವೂ ಉಗ್ಗಿನ ತೀವ್ರತೆಗೆ ಅಂಕ ಬರೆದಿಡಬೇಕು. ಉಗ್ಗು ಕಡಿಮೆಯಾಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಾನು ಅಪ್ಪನಾಗಿ ಮಾತು ಕೇಳುವುದನ್ನು ಬಿಟ್ಟು ಪರೀಕ್ಷಕನ ಕಿವಿ ಇಟ್ಟುಕೊಂಡು ಓಡಾಡುತ್ತಿದ್ದೆ. ಮಗ ತನ್ನ ಗೆಳೆಯನ ಜಗಳದ ಕತೆ ಹೇಳುತ್ತಿದ್ದರೆ ನನಗೆ ಕತೆ ನೆನಪಿರುತ್ತಿರಲಿಲ್ಲ, ಅಂಕ ನೆನಪಿರುತ್ತಿತ್ತು. ಇದರ ಭಾರ ಹೆತ್ತವರ ಮೇಲೆ ಎಷ್ಟು ಬೀಳುತ್ತದೆಂದು ಯಾರೂ ಮೊದಲೇ ಹೇಳುವುದಿಲ್ಲ.

ನೀಲಿಕೊಡೆ

ಭಾರ ಬೀಳುತ್ತದೆ, ನಿಜ. ಆದರೆ ಮಾಡಲು ಏನೂ ಇಲ್ಲದೆ ಕೂರುವುದು ಅದಕ್ಕಿಂತ ಭಾರ. ನನಗೆ ಕೈಯಲ್ಲಿ ಒಂದು ಕೆಲಸ ಕೊಟ್ಟ ದಿನದಿಂದಲೇ ನಿದ್ದೆ ಬರತೊಡಗಿತು. ಎಲ್ಲ ಹೆತ್ತವರ ಪರವಾಗಿ ನೀವು ಹೇಳಬೇಡಿ.

ಅಂಚೆಪೆಟ್ಟಿಗೆ

ನನ್ನ ಪರವಾಗಿಯೇ ಹೇಳಿದ್ದು. ನಿಮಗೆ ನಿದ್ದೆ ಕೊಟ್ಟದ್ದು ನನ್ನ ನಿದ್ದೆ ಕೆಡಿಸಿತು.

ಮಾತುಮನೆ

ಇಬ್ಬರೂ ಹೇಳುತ್ತಿರುವುದು ಚಿಕಿತ್ಸಕರು ಕೇಳಿಸಿಕೊಳ್ಳಬೇಕಾದ ಮಾತು. ಲಿಡ್‌ಕೋಂಬ್ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರೂಪುಗೊಂಡದ್ದು, ಚಿಕ್ಕ ಮಕ್ಕಳಲ್ಲಿ ಅದರ ಫಲಕ್ಕೆ ಒಳ್ಳೆಯ ಪುರಾವೆಯಿದೆ. ಮಗುವಿನ ಉಗ್ಗನ್ನು ನೇರವಾಗಿ ಮುಟ್ಟದೆ ಮನೆಯ ಮಾತಿನ ವೇಗ, ಒತ್ತಡ ಇಳಿಸುವ ಪರೋಕ್ಷ ವಿಧಾನವೂ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಎರಡನ್ನೂ ಹೋಲಿಸಿದ ದೊಡ್ಡ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹದಿನೆಂಟು ತಿಂಗಳ ನಂತರ ಫಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಆಯ್ಕೆಗೆ ಅವಕಾಶವಿದೆ. ‘ಇದು ನನ್ನಿಂದ ಆಗುತ್ತಿಲ್ಲ, ಬೇರೆ ದಾರಿ ಇದೆಯೇ?’ ಎಂದು ಕೇಳಿದರೆ ಹೆತ್ತವರು ಸೋತಂತಲ್ಲ. ಉಗ್ಗಿಗೆ ಚಿಕಿತ್ಸೆ ಕೊಡುವ ಲಂಡನ್ನಿನ ಮೈಕೇಲ್ ಪೇಲಿನ್ ಕೇಂದ್ರದವರ ಕ್ರಮದ ಒಂದು ಮುಖ್ಯ ಭಾಗವೆಂದರೆ ಹೆತ್ತವರು ವಾರದಲ್ಲಿ ಕೆಲವು ಸಲ ಮಗುವಿನೊಡನೆ ಐದು ನಿಮಿಷ ಆಡುವುದು. ಆಟ ಮಗುವಿನ ಆಯ್ಕೆಯದು, ತಿದ್ದುವುದಿಲ್ಲ, ಕಲಿಸುವುದಿಲ್ಲ. ಐದು ನಿಮಿಷ ಬಹಳ ಕಡಿಮೆ ಎನ್ನಿಸಬಹುದು. ಮಾಡಿ ನೋಡಿದವರಿಗೆ ಗೊತ್ತು, ತಿದ್ದದೆ ಐದು ನಿಮಿಷ ಕೂರುವುದು ಎಷ್ಟು ಕಷ್ಟವೆಂದು.

ಕಿರಿಯವಳು

ಎಲ್ಲರಿಗೂ ಕೃತಜ್ಞತೆಗಳು. ಇಂದು ಭಾವನೊಡನೆ ನಡೆಯಲು ಹೋಗಿದ್ದೆ, ಬಾಯಿ ಬಿಟ್ಟರು. ಮಾತುಮನೆ ಮೇಡಂ, ಅವರಿಬ್ಬರ ನಡುವೆ ಮೂರು ವಿಷಯಕ್ಕೆ ಜಟಾಪಟಿ ನಡೆದಿದೆ. ಚಿತ್ರಗಳಿರುವ ಫಲಕ ಬಳಸಿ ಎಂದು ಥೆರಪಿಸ್ಟ್ ಹೇಳಿದ್ದಾರೆ. ಬೆರಳಿಟ್ಟು ತೋರಿಸಿದರೆ ಎಲ್ಲವೂ ಸಿಗುವಾಗ ಮಾತಾಡುವ ಗೋಜಿಗೇ ಹೋಗುವುದಿಲ್ಲ ಎಂದು ಅಕ್ಕನ ಭಯ. ಮನೆಯಲ್ಲಿ ಎರಡು ಭಾಷೆ ಇದೆ, ಒಂದನ್ನು ಬಿಡಬೇಕೆಂದು ಭಾವ. ಇನ್ನು ಯಾರೋ ಹೇಳಿದರೆಂದು ಸೀಟಿ ಊದಿಸುವುದು, ಸ್ಟ್ರಾದಲ್ಲಿ ಗುಳ್ಳೆ ಎಬ್ಬಿಸುವುದು ದಿನವೂ ನಡೆಯುತ್ತಿದೆ.

ಮಾತುಮನೆ

ಸೀಟಿಯಿಂದ ಶುರುಮಾಡುತ್ತೇನೆ, ಅದು ಸುಲಭ. ಊದುವುದರಿಂದ ಊದುವುದು ಚೆನ್ನಾಗಿ ಬರುತ್ತದೆ. ಮಾತು ಸುಧಾರಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮಗುವಿಗೆ ಖುಷಿಯಿದ್ದರೆ ಆಟವಾಗಿ ಇರಲಿ, ಥೆರಪಿಯ ಹೊತ್ತನ್ನು ಅದು ತಿನ್ನದಿರಲಿ. ನಾಲಿಗೆಯ ಕೆಳಗಿನ ಪೊರೆ ಕತ್ತರಿಸಿದರೆ ಮಾತು ಬರುತ್ತದೆ ಎಂದು ಮುಂದೆ ಯಾರಾದರೂ ಹೇಳುತ್ತಾರೆ, ಅದಕ್ಕೂ ಥೆರಪಿಸ್ಟ್ ಹತ್ತಿರ ಕೇಳದೆ ಹೊರಡಬೇಡಿ.

ಭಾಷೆಯ ವಿಷಯ. ಎರಡು ಭಾಷೆ ಕೇಳಿಸಿಕೊಳ್ಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಥೆರಪಿ ಯಾವ ಭಾಷೆಯಲ್ಲಿ ನಡೆಯಬೇಕೆಂಬುದು ಬೇರೆ ಪ್ರಶ್ನೆ, ಅದನ್ನು ಅವರೊಡನೆ ಕೂತು ತೀರ್ಮಾನಿಸಬೇಕು. ಆದರೆ ಅಮ್ಮನಿಗೆ ಸಲೀಸಾಗಿ ಬರುವ ಭಾಷೆಯನ್ನು ಅವಳ ಬಾಯಿಂದ ಕಿತ್ತುಕೊಂಡರೆ ಮಗುವಿಗೆ ಸಿಗುವ ಮಾತೇ ಬಡವಾಗುತ್ತದೆ. ಮುದ್ದಿಸುವುದು, ಗದರುವುದು, ಕತೆ ಕಟ್ಟುವುದು ಎಲ್ಲ ಅದರಲ್ಲೇ ಇದೆ.

ಚಿತ್ರದ ಫಲಕದ ಭಯ ನಾನು ಅತಿ ಹೆಚ್ಚು ಕೇಳುವ ಭಯ. ಬೆಳವಣಿಗೆಯ ತೊಂದರೆಯಿರುವವರಿಗೆ ಚಿತ್ರ, ಸನ್ನೆ, ಯಂತ್ರಗಳ ನೆರವು ಕೊಟ್ಟಾಗ ಅವರ ಮಾತಿಗೆ ಏನಾಯಿತು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸಮೀಕ್ಷೆಯೊಂದು 2006ರಲ್ಲಿ ಪ್ರಕಟವಾಯಿತು. ನಂಬಲರ್ಹ ಪುರಾವೆಯಿದ್ದ ಪ್ರಕರಣಗಳಲ್ಲಿ ಹೆಚ್ಚಿನವರ ಮಾತು ಸ್ವಲ್ಪವಾದರೂ ಹೆಚ್ಚಿತು, ಕೆಲವರದು ಹಾಗೆಯೇ ಉಳಿಯಿತು, ಕಡಿಮೆಯಾದದ್ದು ಯಾರದ್ದೂ ಇಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಹೇಳಬೇಕಾದದ್ದನ್ನು ಹೇಗೋ ಹೇಳಿದ ಮಗುವಿಗೆ ರಂಪ ಮಾಡುವ ಅಗತ್ಯ ಬೀಳುವುದಿಲ್ಲ. ಮನಸ್ಸು ಹಗುರವಾದಾಗಲೇ ಬಾಯಿ ಪ್ರಯತ್ನಿಸುತ್ತದೆ. ಫಲಕ ಮಗುವಿನದ್ದಾಗಬೇಕಾದರೆ ದೊಡ್ಡವರೂ ಮಾತಾಡುತ್ತಾ ಅದರ ಮೇಲೆ ಬೆರಳಿಡಬೇಕು. ‘ಸಾಕು’, ‘ಬೇಡ’, ‘ಕೋಪ ಬಂದಿದೆ’ ಎಂಬ ಚಿತ್ರಗಳು ಅದರಲ್ಲಿ ಇರಲೇಬೇಕು. ಬರೀ ಬೇಕಾದ ವಸ್ತುಗಳ ಚಿತ್ರವಿದ್ದರೆ ಮಗುವಿಗೆ ಜಗಳವಾಡಲು ಬರುವುದಿಲ್ಲ, ನಾಲ್ಕು ವರ್ಷದವರಿಗೆ ಜಗಳ ಬಹಳ ಮುಖ್ಯ.

ಎರಡನೆಯವಳು

ತಡವಾಗಿ ನೋಡಿದೆ. ನನ್ನ ತಮ್ಮನಿಗೆ ಮಾತಿನ ತೊಂದರೆಯಿತ್ತು, ಅವನು ಹೇಳಿದ್ದು ಅರ್ಥವಾಗುತ್ತಿದ್ದದ್ದು ನನಗೊಬ್ಬಳಿಗೆ. ಹಾಗಾಗಿ ನಾನು ಮನೆಯ ದುಭಾಷಿ. ಗೆಳತಿಯರ ಮನೆಗೆ ಹೋದರೂ ‘ತಮ್ಮ ಏನೋ ಕೇಳುತ್ತಿದ್ದಾನೆ, ಬಾ’ ಎಂದು ಕರೆ ಬರುತ್ತಿತ್ತು. ಹೆಮ್ಮೆಯೂ ಇತ್ತು, ಸಿಟ್ಟೂ ಇತ್ತು. ಆ ಮಗುವಿಗೆ ಅಕ್ಕನೋ ಅಣ್ಣನೋ ಇದ್ದರೆ ಅವರನ್ನು ಮರೆಯಬೇಡಿ. ನನ್ನನ್ನು ಆಗಾಗ ಸೋದರಮಾವ ತಮ್ಮ ಮನೆಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಯಾರೂ ತಮ್ಮನ ಬಗ್ಗೆ ಕೇಳುತ್ತಿರಲಿಲ್ಲ. ಅಮ್ಮನಿಗೂ ಅದು ಬಿಡುವು ಎಂದು ದೊಡ್ಡವಳಾದ ಮೇಲೆ ಹೊಳೆಯಿತು.

ಕಿರಿಯವಳು

ಅವನಿಗೊಬ್ಬಳು ಅಕ್ಕ ಇದ್ದಾಳೆ, ಏಳು ವರ್ಷ. ಈ ಭಾನುವಾರದಿಂದ ಅವಳು ನನ್ನ ಜೊತೆ.

ಅಕ್ಕನನ್ನು ಕೇಳಿಕೊಂಡು, ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲು ಒಂದು ಸಂದೇಶ ಬರೆದಿದ್ದೇನೆ. ತಿದ್ದಿ ಕೊಡಿ.

‘ಎಲ್ಲರಿಗೂ ನಮಸ್ಕಾರ. ಪುಟ್ಟನಿಗೆ ಬಾಲ್ಯದ ಅಪ್ರಾಕ್ಸಿಯಾ ಎಂಬ ಮಾತಿನ ತೊಂದರೆ ಇದೆ. ಅವನಿಗೆ ಎಲ್ಲವೂ ಅರ್ಥವಾಗುತ್ತದೆ, ಹೇಳಬೇಕೆಂಬ ಆಸೆಯೂ ಇದೆ, ಬಾಯಿಯ ಚಲನೆ ಜೋಡಿಸುವುದು ಕಷ್ಟ. ಇದು ಹಟವಲ್ಲ, ಯಾರ ತಪ್ಪಿನಿಂದಲೂ ಬಂದದ್ದಲ್ಲ. ಥೆರಪಿ ನಡೆಯುತ್ತಿದೆ. ದಯವಿಟ್ಟು ಅವನಿಂದ ಹೆಸರು ಹೇಳಿಸುವುದು, ಹಾಡು ಹಾಡಿಸುವುದು ಮಾಡಬೇಡಿ. ಅವನು ಹೇಳಿದ್ದು ಅರ್ಥವಾಗದಿದ್ದರೆ ಅರ್ಥವಾದಂತೆ ತಲೆಯಾಡಿಸಿ. ದೇವರ ದಯೆಯಿಂದ ಬೇಗ ಸರಿಹೋಗಲಿ ಎಂದು ಹಾರೈಸಿ.’

ನಡುಮಾತು

ತಲೆಯಾಡಿಸುವ ಸಾಲು ತೆಗೆಯಿರಿ. ಸುಳ್ಳೇ ತಲೆಯಾಡಿಸುವವರನ್ನು ಮಕ್ಕಳು ಕೂಡಲೇ ಕಂಡುಹಿಡಿಯುತ್ತಾರೆ. ‘ಅರ್ಥವಾಗಲಿಲ್ಲ, ತೋರಿಸುತ್ತೀಯಾ?’ ಎಂದು ಕೇಳಿ ಎಂದು ಬರೆಯಿರಿ.

ನೀಲಿಕೊಡೆ

ಬೇಡ ಎನ್ನುವುದಷ್ಟೇ ಇದೆ, ಬಂಧುಗಳು ಹೆದರಿ ಮಗುವಿನ ಹತ್ತಿರವೇ ಬರುವುದಿಲ್ಲ. ಏನು ಮಾಡಬಹುದೆಂದೂ ಬರೆಯಿರಿ. ಕೊನೆಯ ಸಾಲೂ ಬೇಡ. ಬೇಗ ಎಂಬ ಮಾತು ಬಂದ ಕೂಡಲೇ ಪ್ರತಿ ಹಬ್ಬಕ್ಕೂ ‘ಆಯಿತೇ?’ ಎಂದು ವಿಚಾರಣೆ ಶುರುವಾಗುತ್ತದೆ.

ಹಳೆಯ ಮೇಷ್ಟ್ರು

ಅವನಿಗೆ ಇಷ್ಟವಾದದ್ದು ಒಂದನ್ನು ಸೇರಿಸಿ. ಓದಿದವರಿಗೆ ತೊಂದರೆಯ ಜೊತೆ ಹುಡುಗನೂ ಕಾಣಬೇಕು.

ಕಿರಿಯವಳು

ತಿದ್ದಿದ್ದನ್ನು ಅಕ್ಕನಿಗೆ ಕಳಿಸಿದೆ. ಅವಳು ‘ದಯವಿಟ್ಟು’ ಹೊಡೆದುಹಾಕಿ, ಕೊನೆಯ ಮೂರು ಸಾಲು ತಾನೇ ಬರೆದು ಗುಂಪಿಗೆ ಹಾಕಿದ್ದಾಳೆ:

‘ಅವನು ಹೇಳಿದ್ದು ತಿಳಿಯದಿದ್ದರೆ ತೋರಿಸು ಎನ್ನಿ, ತೋರಿಸುತ್ತಾನೆ. ಅವನಿಗೆ ರೈಲು ಎಂದರೆ ಪ್ರಾಣ, ನೆಲದ ಮೇಲೆ ಕೂತು ಜೊತೆಗೆ ರೈಲು ಓಡಿಸಿದರೆ ಸಾಕು, ಮಾತಾಡಿಸಲೇಬೇಕೆಂದಿಲ್ಲ. ಥೆರಪಿ ಎಲ್ಲಿಗೆ ಬಂತು ಎಂದು ಕೇಳಬೇಕೆನಿಸಿದರೆ ನನ್ನ ತಂಗಿಯನ್ನು ಕೇಳಿ.’

ಈಗಾಗಲೇ ಹನ್ನೆರಡು ಜನ ನನಗೆ ಫೋನ್ ಮಾಡಿದ್ದಾರೆ. ಅವರಲ್ಲಿ ಇಬ್ಬರು ವಕೀಲರ ಕತೆ ಹೇಳಿದರು.

ಗಾಳಿಪಟ

ನಾನಂತೂ ಅಲ್ಲ. ಆದರೆ ರೈಲು ಯಾವ ಬಗೆಯದು, ಹಳಿ ಜೋಡಿಸುವುದೋ, ಹಾಗೆಯೇ ತಳ್ಳುವುದೋ? ನನ್ನ ಮಗಳು ಆಡಿ ಬಿಟ್ಟ ಒಂದು ಸೆಟ್ ಇದೆ, ಕಳಿಸುತ್ತೇನೆ.